ಹೆಡ್‌ಫೋನು ಹಾಕಿಕೊಂಡು ಗುಟ್ಟಾಗಿ ಓದಿದ್ದು

ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೊಂದು ಮುಚ್ಚಳ ಕೊಡುವುದನ್ನು ಯಾಕೆ ಮರೆತನೋ ಗೊತ್ತಿಲ್ಲ. ಆ ಕೊರತೆ ತುಂಬಲೆಂದೇ ಮನುಷ್ಯ ಹೆಡ್‌ಫೋನು ಕಂಡುಹಿಡಿದ ಎಂದು ನಾನು ಬಹಳ ದಿನ ನಂಬಿದ್ದೆ. ಅದನ್ನು ತಲೆಗೇರಿಸಿಕೊಂಡರೆ ಮನೆಯ ಸದ್ದು ನನ್ನೊಳಗೆ ಬರುವುದಿಲ್ಲ, ನನ್ನ ಸದ್ದು ಹೊರಗೆ ಹೋಗುವುದಿಲ್ಲ. ಮೊದಲನೆಯ ಮಾತು ನಿಜ. ಎರಡನೆಯದರ ಬಗ್ಗೆ ಸ್ವಲ್ಪ ಹೇಳುವುದಿದೆ.

ಲ್ಯಾಪ್‌ಟಾಪುಗಳು ಇನ್ನೂ ಇಟ್ಟಿಗೆಯಷ್ಟು ಭಾರವಿದ್ದ ಕಾಲ. ನಾನು ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಮನೆ ಗುಬ್ಬಿಯಲ್ಲಿ, ನಾನು, ನಮ್ಮ ಯಜಮಾನರು, ಅತ್ತೆ, ಮೂರೇ ಜನ. ಬಡ್ತಿ ಬೇಕಾದರೆ ಇಲಾಖಾ ಪರೀಕ್ಷೆ ಪಾಸಾಗಬೇಕಿತ್ತು. ಒಂದು ಸಲ ಬರೆದು ಫೇಲಾಗಿದ್ದೆ. ಫೇಲಾದದ್ದು ಅಂಥ ದೊಡ್ಡ ಸಂಗತಿಯಲ್ಲ, ಊರಿಗೆಲ್ಲ ಸಾರಿಕೊಂಡು ಫೇಲಾಗಿದ್ದೆ ನೋಡಿ, ಅದು ತಪ್ಪಾಯಿತು. ಹುಲಿಯೂರುದುರ್ಗದ ನೆಂಟರ ಗೃಹಪ್ರವೇಶದಲ್ಲಿ, ಇನ್ನೇನು ಪಾಯಸಕ್ಕೆ ಕೈ ಹಾಕಬೇಕು, ಎದುರು ಪಂಕ್ತಿಯಿಂದ ಚಿಕ್ಕಮ್ಮ ಒಬ್ಬರು "ಏನವ್ವ ವನಜಾ, ಆಫೀಸರ್ ಆದ್ಯಾ?" ಎಂದು ಕೂಗಿ ಕೇಳಿದರು. ಆ ಪಾಯಸ ಹೇಗಿತ್ತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಎರಡನೇ ಸಲ ಯಾರಿಗೂ ಹೇಳದೆ ಕಟ್ಟುವುದು, ಪಾಸಾದರೆ ಮಾತ್ರ ಬಾಯಿ ಬಿಡುವುದು ಎಂದು ಅವತ್ತೇ ತೀರ್ಮಾನಿಸಿದೆ. ಮತ್ತೆ ಫೇಲಾಗಿ ಮನೆಯವರ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ.

ಜೊತೆಯ ಉದ್ಯೋಗಿಯೊಬ್ಬರು ಪಾಠದ ಸಿ.ಡಿ. ಕೊಟ್ಟರು. ನಿವೃತ್ತ ಅಧಿಕಾರಿಯೊಬ್ಬರು ಸೇವಾ ನಿಯಮಗಳನ್ನು ನಿಧಾನವಾಗಿ ಬಿಡಿಸಿ ಹೇಳುವ ಪಾಠ. ಮನೆಯಲ್ಲೊಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು ಇತ್ತು. ಅದಕ್ಕೆ ಕಿವಿ ಪೂರ್ತಿ ಮುಚ್ಚುವಂಥ ದಪ್ಪ ಹೆಡ್‌ಫೋನು ತಂದೆ. ಸಂಜೆ ಆಫೀಸಿನಿಂದ ಬಂದವಳೇ ರೂಮಿನ ಬಾಗಿಲು ಮುಂದೆ ಮಾಡಿ ಕೂರುತ್ತಿದ್ದೆ. ಕೇಳಿದವರಿಗೆ "ತಲೆನೋವು, ಸ್ವಲ್ಪ ಹೊತ್ತು ದೇವರನಾಮ ಕೇಳ್ತೀನಿ" ಎಂದಿದ್ದೆ.

ಕೆಲವೇ ದಿನಕ್ಕೆ ಎಡಗಿವಿಯಲ್ಲಿ ಮೇಷ್ಟ್ರ ದನಿ ನಿಂತಿತು. ಮಾಡದ ಚಿಕಿತ್ಸೆ ಇಲ್ಲ. ಮೊದಲು ಆಫ್ ಮಾಡಿ ಆನ್ ಮಾಡಿದೆ. ಕಂಪ್ಯೂಟರಿನ ಎಲ್ಲ ಕಾಯಿಲೆಗೂ ಇದೊಂದೇ ವಿಭೂತಿ. ಪರದೆಯ ಮೂಲೆಯಲ್ಲಿದ್ದ ಸ್ಪೀಕರಿನ ಚಿತ್ರ ಒತ್ತಿ ಅದರ ಗೆರೆಗಳನ್ನೆಲ್ಲ ಮೇಲೆ ಕೆಳಗೆ ಎಳೆದೆ. ಪಕ್ಕದ ಮನೆಯವರ ಹೆಡ್‌ಫೋನು ತಂದು ಸಿಕ್ಕಿಸಿದೆ, ಅದೂ ಹಾಗೇ. ಅಲ್ಲಿಗೆ ದೋಷ ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನು ಸಿಕ್ಕಿಸುವ ತೂತಿನದೇ ಎಂದಾಯಿತು. ತೂತಿಗೆ ಬಾಯಿಟ್ಟು ಒಲೆ ಊದಿದಂತೆ ಊದಿದೆ. ಆಗ ನೆನಪಾದವರು ಶುಕ್ರಾಚಾರ್ಯರು. ಬಲಿಯ ದಾನ ತಪ್ಪಿಸಲು ಅವರು ಕಮಂಡಲದ ಕೊಕ್ಕಿನಲ್ಲಿ ಅಡ್ಡ ಕೂತಿದ್ದರಂತೆ, ವಾಮನ ದರ್ಭೆಯಿಂದ ಚುಚ್ಚಿದನಂತೆ. ದರ್ಭೆ ಇರಲಿಲ್ಲ, ಸೆರಗಿನ ಪಿನ್ನಿತ್ತು. ಚುಚ್ಚಿದೆ. ಶುಕ್ರಾಚಾರ್ಯರ ಬದಲು ಚೂರು ಧೂಳು ಹೊರಬಂತು, ಎರಡು ಕಿವಿಯಲ್ಲೂ ಮೇಷ್ಟ್ರು ಮೊಳಗಿದರು. ಆ ಸಂಜೆ ನನ್ನಷ್ಟು ದೊಡ್ಡ ಎಂಜಿನಿಯರು ಗುಬ್ಬಿ ತಾಲ್ಲೂಕಿನಲ್ಲೇ ಇರಲಿಲ್ಲ.

ಅಲ್ಲಿಂದಾಚೆಗೆ ಮನೆಯಲ್ಲಿ ಕೆಲವು ಬದಲಾವಣೆ ಕಂಡೆ. ಸಂಜೆ ಹೊತ್ತು ಮೂರು ಸಲ ಕೂಗುತ್ತಿದ್ದ ಅತ್ತೆ ಒಮ್ಮೆಯೂ ಕೂಗಲಿಲ್ಲ. ಧಾರಾವಾಹಿಯ ಸದ್ದು ತಗ್ಗಿತು, ಆಮೇಲೆ ಟಿ.ವಿ.ಯೇ ಬಂದ್ ಆಯಿತು. ನಮ್ಮ ಯಜಮಾನರು ತಾವೇ ಕಾಫಿ ಮಾಡಿಕೊಂಡು, ನನಗೂ ಒಂದು ಲೋಟ ಬಾಗಿಲ ಬಳಿ ಇಟ್ಟು ಹೋದರು. ಒಂದು ಬೆಳಿಗ್ಗೆಯಂತೂ ಎರಡು ದಿನ ತಪ್ಪಿಸಿಕೊಂಡಿದ್ದ ಹಾಲಿನವನನ್ನು ಅತ್ತೆ ಬಾಗಿಲಲ್ಲೇ ತಡೆದು, "ಹೇಳ್ದೆ ಕೇಳ್ದೆ ಬರ್ದೆ ಇದ್ರೆ ಅನಧಿಕೃತ ಗೈರುಹಾಜರಿ ಆಯ್ತದೆ ಕಣಪ್ಪ" ಎಂದರು. ಅವನು ಹೆದರಿ ಅರ್ಧ ಸೇರು ಜಾಸ್ತಿಯೇ ಹಾಕಿದ. ವಯಸ್ಸಾದಂತೆ ಅತ್ತೆ ಮೆತ್ತಗಾಗಿದ್ದಾರೆ, ಟಿ.ವಿ. ವಾರ್ತೆಯಿಂದ ಮಾತೂ ಕಲಿತಿದ್ದಾರೆ ಎಂದುಕೊಂಡು ಸುಮ್ಮನಾದೆ. ಪರೀಕ್ಷೆ ಕಟ್ಟಿದವಳ ಬುದ್ಧಿ ಅಷ್ಟು ಚುರುಕಾಗಿತ್ತು.

ಪರೀಕ್ಷೆ ಹತ್ತಿರ ಬಂದಾಗ ಮತ್ತೆ ತೊಂದರೆ, ಕಿವಿಯಲ್ಲಿ ಕರಕರ ಸದ್ದು ಶುರುವಾಯಿತು. ಈ ಸಲ ಪಿನ್ನು ಮುಟ್ಟದೆ, ಆಫೀಸಿಗೆ ಹೋಗುವಾಗ ಲ್ಯಾಪ್‌ಟಾಪು, ಹೆಡ್‌ಫೋನು ಎರಡನ್ನೂ ಶಿರಾ ಗೇಟಿನ ರಿಪೇರಿ ಅಂಗಡಿಗೆ ಕೊಟ್ಟೆ. ಸಂಜೆ ಹೋದಾಗ ಅಂಗಡಿಯವರು ಹೆಡ್‌ಫೋನು ಸಿಕ್ಕಿಸಿ, ಅದನ್ನು ಮೇಜಿನ ಮೇಲಿಟ್ಟು ಪಾಠ ಹಾಕಿದರು. "ಈಗ ಅಸಾಧಾರಣ ರಜೆ ಎಂದರೇನು ನೋಡೋಣ" ಎಂಬ ಮೇಷ್ಟ್ರ ದನಿ ಇಡೀ ಅಂಗಡಿಗೆ ಕೇಳಿಸಿತು.

"ಹೆಡ್‌ಫೋನ್ ಹಾಕಿದ್ರೆ ಸ್ಪೀಕರ್ ಬಂದ್ ಆಗ್ಬೇಕು ಮೇಡಂ. ನಿಮ್ದು ಎರಡೂ ಹಾಡ್ತಾ ಐತೆ. ಒಳಗಿನ ಪಟ್ಟಿ ಬೆಂಡಾಗಿದೆ, ಯಾರೋ ಪಿನ್ ಹಾಕಿ ತಿವಿದವ್ರೆ" ಎಂದರು.

"ಯಾರೋ ಇರಬೇಕು" ಎಂದೆ.

ರಿಪೇರಿಯಾಗುವವರೆಗೆ ಸ್ಟೂಲಿನ ಮೇಲೆ ಕೂತು ಬೆವರಿದೆ. ಪಾಠ ನಿಲ್ಲಿಸಿದ ಮೇಲೇ ಹೆಡ್‌ಫೋನು ತೆಗೆಯುವುದು ನನ್ನ ಅಭ್ಯಾಸ. ಗುಟ್ಟು ಕಾಯುವ ಎಚ್ಚರಿಕೆ! ನಾನು ಕಿವಿ ಮುಚ್ಚಿಕೊಂಡು ಕೂತ ಅಷ್ಟೂ ಸಂಜೆ ಮನೆಯವರೆಲ್ಲ ಸೇವಾ ನಿಯಮ ಕೇಳಿದ್ದಾರೆ. ಗುಬ್ಬಿ ಬಸ್ಸಿನಲ್ಲಿ ಹಾಲಿನವನು ನೆನಪಾಗಿ ಮುಖ ಕೆಂಪಾಯಿತು.

ಮನೆಗೆ ಬಂದು, ಏನೂ ಆಗದವಳಂತೆ ರೂಮು ಸೇರಿ ಹೆಡ್‌ಫೋನು ಹಾಕಿಕೊಂಡೆ. ಈಗ ನಿಜವಾಗಿಯೂ ಸದ್ದು ಹೊರಗೆ ಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಬಾಗಿಲು ತಳ್ಳಿದರು. ಕೈಯಲ್ಲಿ ಸೊಪ್ಪಿನ ಮೊರ.

"ಯಾಕವ್ವ, ಇವತ್ತು ಮೇಷ್ಟ್ರಿಗೆ ರಜಾನಾ?"

"ಯಾವ ಮೇಷ್ಟ್ರು ಅತ್ತೆ?"

"ಅದೇ ಕಣವ್ವ, ನಿನ್ನ ದೇವರನಾಮದ ಮೇಷ್ಟ್ರು. ನೆನ್ನೆ ಹೆರಿಗೆ ರಜೆ ಮುಗಿಸಿದ್ರಲ್ಲ, ಮುಂದಕ್ಕೆ ಏನಂತಾರೋ ಅಂತ ಆಗ್ಲಿಂದ ಕಾಯ್ತಾ ಇದೀನಿ."

ನಗುವೂ ಬಂತು, ಅಳುವೂ ಬಂತು. "ಗೊತ್ತಿದ್ದೂ ಯಾಕತ್ತೆ ಹೇಳ್ಲಿಲ್ಲ?"

"ನೀನು ಗುಟ್ಟು ಅಂತ ಇಟ್ಕಂಡಿದ್ದೆ. ಹೇಳಿದ್ರೆ ನಾಚ್ಕಂಡು ಓದೋದೇ ಬುಟ್ಬುಡ್ತಿದ್ದೆ. ನಿನ್ನ ಗಂಡಾನೂ ಬಾಯಿ ಬುಡಬ್ಯಾಡ ಅಂತ ಹೇಳಿದ್ದ."

ಒಬ್ಬಳೇ ಇದ್ದಾಗಲೂ ಗಟ್ಟಿಯಾಗಿ ಕೇಳಿಕೊಳ್ಳದ ಮಾತು ಆಗ ಬಾಯಿಗೆ ಬಂತು. "ಈ ಸಲಾನೂ ಫೇಲಾದ್ರೆ ಅತ್ತೆ?"

"ಆದ್ರೆ ಆಗು. ಯಾರಾನ ಕೇಳಿದ್ರೆ ನಾನು ಹೇಳ್ತೀನಿ ಬುಡು, ನೀನು ಎಷ್ಟು ಓದಿದೀಯ ಅಂತ ಈ ಕಿವೀಲೇ ಕೇಳಿದೀನಿ" ಎಂದು ಅತ್ತೆ ಮೊರ ಹಿಡಿದು ನಡುಮನೆಗೆ ಹೋದರು.

ನನಗೆ ಕಾಣದಂತೆ ನನ್ನ ಜೊತೆ ಪರೀಕ್ಷೆಗೆ ಕೂತಿದ್ದ ಆ ಇಬ್ಬರಿಗೆ ನಾನು ಇವತ್ತಿಗೂ ಋಣಿ. ನಾನು ಪಟ್ಟ ಪಾಡು ಅವರ ಕಿವಿಗೆ ಬಿದ್ದಿದೆ ಎಂದು ತಿಳಿದ ಗಳಿಗೆಯಲ್ಲೇ ಫೇಲಾಗುವ ಭಯ ಅರ್ಧ ಇಳಿಯಿತು. ಉಳಿದರ್ಧ ಪರೀಕ್ಷೆ ಪಾಸಾದಾಗ ಹೋಯಿತು. ಅತ್ತೆ ಹಾಗೆಂದ ಆ ಸಂಜೆಯೇ ಹೆಡ್‌ಫೋನು ಕಿತ್ತಿಟ್ಟು, ಲ್ಯಾಪ್‌ಟಾಪು ಎತ್ತಿಕೊಂಡು ಅತ್ತೆಯ ಹಿಂದೆಯೇ ನಡುಮನೆಗೆ ಹೋಗಿ ಕೂತೆ. ಅಷ್ಟು ಮುತುವರ್ಜಿಯಿಂದ ರಿಪೇರಿ ಮಾಡಿಸಿದ ತೂತಿಗೆ ಆಮೇಲೆ ನಮ್ಮ ಮನೆಯಲ್ಲಿ ಕೆಲಸವೇ ಬೀಳಲಿಲ್ಲ.