ಬಾಯಮ್ಮನ ಮನೆಯ ಹತ್ತು ಜನ

ಅಕ್ಕಿಹೆಬ್ಬಾಳಿನ ಸ್ಟೇಷನ್ ಹಿಂದಿನ ಬೀದಿಯಲ್ಲಿ ಸಾರಾಬಾಯಿಯನ್ನು ಎಲ್ಲರೂ ಬಾಯಮ್ಮ ಎಂದೇ ಕರೆಯುತ್ತಿದ್ದರು. ಬೊಂಬಾಯಿ ಕಡೆಯ ಯಹೂದಿ ಹೆಣ್ಣುಮಗಳು. ಗಂಡ ದಾನಿಯೇಲ್ ಟಿಕೆಟ್ ಕೊಡುವ ಕೆಲಸಕ್ಕೆ ಬಂದವರು, ರಿಟೈರಾದ ಮೇಲೂ ಹೇಮಾವತಿ ದಂಡೆ ಬಿಟ್ಟು ಹೋಗಲಿಲ್ಲ. ಮಕ್ಕಳಿರಲಿಲ್ಲ. ಶುಕ್ರವಾರ ಸಂಜೆ ಎಣ್ಣೆದೀಪ ಹಚ್ಚಿದಳೆಂದರೆ ಶನಿವಾರ ಕತ್ತಲಾಗುವವರೆಗೆ ಬಾಯಮ್ಮ ಬೆಂಕಿ ಮುಟ್ಟುವವಳಲ್ಲ. ಪಕ್ಕದ ಮನೆಯ ಮಾದಮ್ಮನೇ ಬಂದು ಒಲೆ ಹಚ್ಚಿ ಹಾಲು ಕಾಯಿಸಿಕೊಡುತ್ತಿದ್ದಳು.

"ನಿಮ್ಮ ದೇವ್ರು ಒಲೆಗೂ ರಜ ಕೊಟ್ಟವ್ನೆ ಕಣವ್ವ. ನಮ್ಮೋನಿಗೆ ಆ ಬುದ್ಧಿ ಯಾವಾಗ ಬತ್ತದೋ!" ಎನ್ನುತ್ತಿದ್ದಳು.

ದಾನಿಯೇಲ್ ತೀರಿಕೊಂಡು ವರ್ಷ ತುಂಬಿದ್ದು ತೊಂಬತ್ಮೂರರ ಜನವರಿಯಲ್ಲಿ, ಒಂದು ಶುಕ್ರವಾರ. ಆ ದಿನ ಸತ್ತವರ ಹೆಸರಿನಲ್ಲಿ ಒಂದು ಪ್ರಾರ್ಥನೆ ಹೇಳಿಸಬೇಕು. ಅದಕ್ಕೆ ಹತ್ತು ಗಂಡಸರು ಕೂಡಲೇಬೇಕು. ಮೈದುನ ಬೊಂಬಾಯಿಯಿಂದ ತಮ್ಮವರನ್ನು ಕರೆತರುತ್ತೇನೆಂದಿದ್ದ. ಬಾಯಮ್ಮ ಬೆಳಿಗ್ಗೆಯೇ ಅವಲಕ್ಕಿ ನೆನೆಸಿ, ಕಾಯಿತುರಿ, ಸಕ್ಕರೆ, ಏಲಕ್ಕಿ ಬೆರೆಸಿ ಮಲಿದಾ ಮಾಡಿದಳು. ಅದು ಅವರು ಎಲಿಯಾ ಪ್ರವಾದಿಯ ಹೆಸರಿನಲ್ಲಿ ಇಡುವ ಎಡೆ. ಸುತ್ತ ಹಣ್ಣು ಜೋಡಿಸಿ, ಮಾದಮ್ಮನ ಜೊತೆ ಬಾಗಿಲ ಕಡೆ ನೋಡುತ್ತಾ ಕುಳಿತಳು.

ಬಂದವನು ಸ್ಟೇಷನ್ನಿನ ಪೋರ್ಟರ್ ನರಸಯ್ಯ ಒಬ್ಬನೇ.

"ಫೋನ್ ಬಂದಿತ್ತು ಅಮ್ಮ. ಬೊಂಬಾಯ್ಲಿ ಗಲಾಟೆಯಂತೆ, ಬೀದಿ ಬೀದೀಲಿ ಬೆಂಕಿ ಹಾಕ್ತಾವ್ರಂತೆ. ನಿಮ್ಮೋರು ಮನೆಯಿಂದ ಈಚೆಗೇ ಬರಕ್ಕಾಗಿಲ್ವಂತೆ. ಜೀವಕ್ಕೇನೂ ತೊಂದ್ರೆ ಇಲ್ಲ."

ಬಾಯಮ್ಮ ಅಳಲಿಲ್ಲ. ಮಲಿದಾದ ಮೇಲೆ ತಟ್ಟೆ ಮುಚ್ಚಿದಳು.

"ನಮ್ಮ ಯಜಮಾನ್ರಿಗೆ ಪ್ರಾರ್ಥನೆ ಇಲ್ಲದಂಗಾಯ್ತು ಮಾದಮ್ಮ. ಹತ್ತು ಜನ ಎಲ್ಲಿಂದ ತರ್ಲಿ?"

"ಅಯ್ಯೋ, ಹತ್ತು ಗಂಡಸ್ರಿಗೆ ಬರವಾ ಈ ಊರಲ್ಲಿ? ತತ್ತೀನಿ ತಡಿ," ಎಂದವಳೇ ಮಾದಮ್ಮ ಎದ್ದು ಹೋದಳು. ಅವಳ ಲೆಕ್ಕದಲ್ಲಿ ಅದು ಸರಿಯೇ. ಊರಲ್ಲಿ ನ್ಯಾಯವಾಗಲಿ, ಮದುವೆ ಮಾತಾಗಲಿ, ಹತ್ತು ಸಮಸ್ತರು ಕೂತರೆ ದೇವರೇ ಕೂತಂತೆ.

ಮಧ್ಯಾಹ್ನದ ಹೊತ್ತಿಗೆ ನರಸಯ್ಯನೂ ಸೇರಿ ಹತ್ತು ಗಂಡಸರು ಬಂದೇ ಬಂದರು. ಎಲ್ಲರೂ ಸ್ನಾನ ಮಾಡಿದ್ದರು. ಪ್ರಾರ್ಥನೆಯ ಹೊತ್ತಿನಲ್ಲಿ ದಾನಿಯೇಲ್ ತಲೆ ಮುಚ್ಚುತ್ತಿದ್ದುದನ್ನು ನೆನಪಿಟ್ಟು ಟವೆಲ್ ಸುತ್ತಿಕೊಂಡಿದ್ದರು. ಕಬ್ಬು ಬೆಳೆಯುವ ಮಂಚಯ್ಯ ಮಾತ್ರ ಮಂಕಿ ಟೋಪಿ ಹಾಕಿದ್ದ.

"ಲೇ ಮಂಚ, ಪೂಜೆಗೆ ಬಂದಿದ್ದೀಯೋ, ಕಬ್ಬಿನ ಗದ್ದೆ ಕಾಯಕ್ಕೋ?" ಎಂದ ನರಸಯ್ಯ.

"ತಲೆ ಮುಚ್ಚಿದ್ರೆ ಸಾಕು ಕಣ್ಲಾ. ದೇವ್ರು ಟೋಪಿ ಬ್ರಾಂಡ್ ನೋಡ್ತಾನಾ?"

ಬಾಯಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆ ಹತ್ತು ಜನ ತಮ್ಮ ಕುಲದವರೇ ಆಗಿರಬೇಕು, ಅದು ತಲೆತಲಾಂತರದ ಕಟ್ಟಳೆ. ಸುಮ್ಮನೆ ನಡೆಸಿಬಿಟ್ಟರೆ ದೇವರ ಮುಂದೆ ಸುಳ್ಳಾಡಿದ ಹಾಗೆ. ಹೇಳಿದರೆ ಮಿಂದು ಬಂದವರನ್ನು ಹೊಸಿಲಿನಿಂದ ತಳ್ಳಿದ ಹಾಗೆ.

"ತಪ್ಪು ತಿಳೀಬೇಡಿ ಕಣಪ್ಪ," ಎಂದಳು ಕೊನೆಗೆ. "ಆ ಪ್ರಾರ್ಥನೆಗೆ ನಮ್ಮೋರೇ ಹತ್ತು ಜನ ಇರ್ಬೇಕು."

ಮಾದಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನರಸಯ್ಯ ಮೆಲ್ಲಗೆ, "ಅಂಗಾರೆ ನಾವು ಓಗದಾ ಅಮ್ಮ?" ಎಂದ.

"ಬ್ಯಾಡಿ. ಕೂತ್ಕಳಿ. ಎಲಿಯಾ ಪ್ರವಾದೀದು ಒಂದು ಹಾಡು ಅದೆ. ಅದನ್ನ ಹೇಳಕ್ಕೆ ನಾನೊಬ್ಬಳಿದ್ರೂ ಆಯ್ತದೆ."

ಹಾಡಿದಳು. ಕಿಟಕಿಯಾಚೆಯಿಂದ ಇಷ್ಟು ವರ್ಷ ಕೇಳಿ ಅವರಿಗೆಲ್ಲ ಒಂದೇ ಮಾತು ಗೊತ್ತಿತ್ತು. ಹಾಡು ಮುಗಿದಾಗ "ಆಮೆನ್" ಎಂದರು, ಒಬ್ಬರಾದ ಮೇಲೊಬ್ಬರು, ಸೋಬಾನೆಗೆ ದನಿ ಸೇರಿಸಿದ ಹಾಗೆ.

ಮುತ್ತುಗದೆಲೆಯಲ್ಲಿ ಮಲಿದಾ ತಿನ್ನುವಾಗ ದಾನಿಯೇಲ್ ಮಾತು ಬಂತು. ಮಾದಮ್ಮನ ಮಗಳಿಗೆ ಹೆರಿಗೆ ನೋವು ಬಂದ ದಿನ, ಆಸ್ಪತ್ರೆಗೆ ಹೋಗಲು ಅವಳು ರೈಲು ಹತ್ತುವವರೆಗೆ, ಗಾರ್ಡಿಗೆ ಟೀ ಮೇಲೆ ಟೀ ಕುಡಿಸಿ ಗಾಡಿ ನಿಲ್ಲಿಸಿಕೊಂಡಿದ್ದರಂತೆ.

"ಆ ಗಾರ್ಡು ಇವತ್ತಿಗೂ ಟೀ ಕಂಡ್ರೆ ಎದ್ದು ಓಡ್ತಾನೆ," ಎಂದ ಮಂಚಯ್ಯ.

ಬಾಯಮ್ಮ ನಕ್ಕಳು. ವರ್ಷದಲ್ಲಿ ಅದೇ ಮೊದಲು. ನಗುತ್ತಲೇ ಅಳು ಒತ್ತರಿಸಿ ಬಂತು. ಯಾರೂ ಎಲೆ ಬಿಟ್ಟು ಏಳಲಿಲ್ಲ.

ಹೊರಡುವಾಗ ನರಸಯ್ಯ ಬಾಗಿಲಲ್ಲಿ ನಿಂತ. "ಬರೋ ವರ್ಷ ನಿಮ್ಮೋರು ಬತ್ತಾರೆ ಬುಡಿ ಅಮ್ಮ. ಆಗ ನಾವು ಜಗಲಿ ಮ್ಯಾಲೆ ಕೂತಿರ್ತೀವಿ."

ಹೊತ್ತು ಇಳಿಯುತ್ತಿತ್ತು. ಹೇಳಬೇಕಾದ ಪ್ರಾರ್ಥನೆ ಹೇಳದೆಯೇ ಉಳಿಯಿತು. ಬಾಯಮ್ಮ ದೀಪಕ್ಕೆ ಎಣ್ಣೆ ಹಾಕಿ ಹಚ್ಚಿದಳು. ಎಲೆಗಳನ್ನು ಬಳಿದು ತೆಗೆಯುತ್ತಿದ್ದ ಮಾದಮ್ಮ ತಲೆ ಎತ್ತದೆಯೇ ಹೇಳಿದಳು: "ಬೆಳಿಗ್ಗೆ ಒಲೆ ಹಚ್ಚಕ್ಕೆ ಬತ್ತೀನಿ."