ಶಾವಿಗೆ ಒರಳಿನಲ್ಲಿ ಒತ್ತಿದ ಕಾಲು

ಶಾವಿಗೆ ಒರಳಿನಲ್ಲಿ ಒಂದು ಮಗುವಿನ ಕಾಲು ಒತ್ತಿ ತೆಗೆದಿದ್ದೇನೆ. ನಂಬುವುದಿಲ್ಲ ತಾನೆ? ನಂಬಬೇಡಿ. ಈ ಅಂಕಣ ಓದುವವರು ಯಾರೂ ನನ್ನನ್ನು ಒಂದೇ ಸಲಕ್ಕೆ ನಂಬುವುದಿಲ್ಲವೆಂದು ನನಗೆ ಗೊತ್ತು. (ಕೆಂಗೇರಿ ದಾರಿಯಲ್ಲಿ ಚಿರತೆ ಕೂತಿದೆ ಎಂದು ಬರೆದಿದ್ದಕ್ಕೆ ಆಗಲೇ ಕ್ಷಮೆ ಕೇಳಿಯಾಗಿದೆ.) ಇವತ್ತು ಪಂಥ ಕಟ್ಟುತ್ತೇನೆ. ಮುಂದೆ ಹೇಳುವುದರಲ್ಲಿ ಒಂದೇ ಒಂದು ವಿವರ ನಾನು ಕಟ್ಟಿದ್ದು. ಉಳಿದದ್ದೆಲ್ಲ ನಿಜ. ಯಾವುದು ಸುಳ್ಳು, ಹಿಡಿಯಿರಿ ನೋಡೋಣ.

ನಾನು ರಿಟೈರಾದ ಫಿಟ್ಟರ್. ಕಾರ್ಖಾನೆಯಲ್ಲಿದ್ದಾಗ ಕೆಟ್ಟು ನಿಂತ ಮೆಷಿನ್ನುಗಳು ನನ್ನ ಚಪ್ಪಲಿ ಸದ್ದು ಕೇಳಿಯೇ ಓಡಲು ಶುರುಮಾಡುತ್ತಿದ್ದವು. (ಇದು ಸುಳ್ಳಲ್ಲ, ಜಂಬ. ಎರಡಕ್ಕೂ ವ್ಯತ್ಯಾಸವಿದೆ.) ರಾಜಾಜಿನಗರದಲ್ಲಿ ಸೈಟು ಸಿಕ್ಕಿ ಮನೆ ಕಟ್ಟಿಸಿದ ಮೇಲೆ ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡೆ. ಕಬ್ಬಿಣ ಕಚ್ಚಿ ಹಿಡಿಯಲು ಒಂದು ವೈಸು, ಒಂದು ಗರಗಸ, ಸವೆದ ಅರಗಳು. ಅಷ್ಟೇ ನನ್ನ ಸಂಸ್ಥಾನ.

ನಮ್ಮ ಎದುರು ಮನೆಯಲ್ಲಿ ಸರೋಜ ಇದ್ದಾಳೆ. ಐದು ವರ್ಷದ ಹುಡುಗಿ. ಹೋದ ವರ್ಷ ಜ್ವರ ಬಂತು. ಜ್ವರ ಹೋಗುವಾಗ ಎಡಗಾಲಿನ ಶಕ್ತಿಯನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ಪೋಲಿಯೋ ಎಂದರು ಡಾಕ್ಟರು. ಕಾಲಿನ ಎರಡೂ ಪಕ್ಕಕ್ಕೆ ಕಬ್ಬಿಣದ ಪಟ್ಟಿ, ತೊಡೆಗೆ ಚರ್ಮದ ಬೆಲ್ಟು, ಕೆಳಗೊಂದು ಬೂಟು, ಎಲ್ಲವನ್ನೂ ಸೇರಿಸಿ ಆಸ್ಪತ್ರೆಯಲ್ಲಿ ಕ್ಯಾಲಿಪರ್ ಮಾಡಿಕೊಟ್ಟರು. ಒಳ್ಳೆಯ ಕೆಲಸ. ತಪ್ಪು ಹುಡುಕಲು ಹೋಗಿ ನಾನೇ ಸೋತೆ. ಅದನ್ನು ಕಟ್ಟಿಕೊಂಡರೆ ಮಗು ನಿಲ್ಲುತ್ತಿತ್ತು, ಗೋಡೆ ಹಿಡಿದು ನಡೆಯುತ್ತಿತ್ತು.

ಎಲ್ಲಿ ನಡೆಯುತ್ತಿತ್ತು? ಅಂಗಳದಲ್ಲಿ ಮಾತ್ರ. ಯಾಕೆಂದರೆ ಬೂಟು ಹೊಸ್ತಿಲು ದಾಟುವಂತಿರಲಿಲ್ಲ.

ಆ ಮನೆಯಲ್ಲಿ ಅಪ್ಪ ಬೆಳಿಗ್ಗೆಯೇ ಕಾರ್ಖಾನೆಗೆ ಹೊರಡುತ್ತಾನೆ, ಅಮ್ಮ ಮಲ್ಲೇಶ್ವರದ ಸ್ಕೂಲಿಗೆ ಪಾಠ ಹೇಳಲು ಹೋಗುತ್ತಾಳೆ. ಆಮೇಲೆ ನಡೆಯುವುದು ಅಜ್ಜಿಯ ಕಾನೂನು. ಅಡಿಗೆಮನೆ ಪಕ್ಕ ದೇವರ ಮನೆ, ಅದರ ಪಕ್ಕ ನಡುಮನೆ. ಬೂಟು ಎಲ್ಲಿಗೂ ಬರಬಾರದು. ಹಾಗಾಗಿ ಕ್ಯಾಲಿಪರ್ ಜಗಲಿಯ ಮೂಲೆಯಲ್ಲಿ ಛತ್ರಿಯ ಪಕ್ಕ ಒರಗಿರುತ್ತಿತ್ತು. ಸರೋಜ ಒಳಗೆ ತೆವಳುತ್ತಿದ್ದಳು, ಇಲ್ಲವೇ ಅಜ್ಜಿಯ ಸೊಂಟದ ಮೇಲಿರುತ್ತಿದ್ದಳು. ಮಳೆ ಹಿಡಿದ ಮೇಲೆ ಅಂಗಳವೂ ಕೆಸರಾಗಿ, ಇದ್ದ ನಡಿಗೆಯೂ ನಿಂತಿತು.

ಅಜ್ಜಿಗೆ ಮಗುವಿನ ಮೇಲೆ ಪ್ರೀತಿ ಇಲ್ಲವೆಂದುಕೊಂಡಿರಾ? ದಿನಾ ಎಣ್ಣೆ ಹಚ್ಚಿ ಆ ಕಾಲನ್ನು ತಿಕ್ಕುತ್ತಿದ್ದವರೇ ಅವರು. ಆದರೆ ಬೂಟಿನ ವಿಷಯ ಬೇರೆ.

ಆಷಾಢದಲ್ಲಿ ಡಾಕ್ಟರು ಕಾಲನ್ನು ಎಳೆದು ನೋಡಿ ಹೇಳಿದರು. "ಮಂಡಿ ಬಿಗೀತಾ ಇದೆ. ದಿನವೆಲ್ಲ ನಿಂತು ಓಡಾಡ್ಬೇಕು. ಗೌರಿ ಹಬ್ಬ ಆದ್ಮೇಲೆ ಕರ್ಕೊಂಡ್ ಬನ್ನಿ. ಹೀಗೇ ಮಡಚ್ಕೊಂಡಿದ್ರೆ ಆಪರೇಷನ್ ಮಾಡ್ಬೇಕಾಗುತ್ತೆ."

ಆವತ್ತು ಸಂಜೆ ನಾನು ಅಜ್ಜಿಯ ಹತ್ತಿರ ವಾದಕ್ಕೆ ಕೂತೆ.

"ಬೂಟು ತೊಳೆದು ಹಾಕಿದ್ರೆ?"

"ಅಲ್ರೀ, ಬೀದಿ ತುಳಿದದ್ದನ್ನ ದೇವರ ಮುಂದೆ ತರ್ತಾರಾ?"

"ತೊಡೆಗಿರೋ ಬೆಲ್ಟೂ ಚರ್ಮಾನೇ. ಮೃದಂಗಾನೂ ಚರ್ಮಾನೇ. ದೇವಸ್ಥಾನದಲ್ಲಿ ಬಾರಿಸಲ್ವಾ?"

"ಮೃದಂಗ ಬೀದಿ ತುಳ್ಕೊಂಡು ಬರುತ್ತಾ? ಕಲಿಸ್ಬೇಡಿ ನಂಗೆ."

(ನನ್ನ ಮನೆಯಾಕೆ ಇದಕ್ಕೆ ಏನೆಂದಳು ಎನ್ನುತ್ತೀರಾ? ಅಜ್ಜಿ ಏನೆಂದರೋ ಅಕ್ಷರ ಬಿಡದೆ ಅದನ್ನೇ ಎಂದಳು.)

ಮಲಗಿದವನಿಗೆ ಹೊಳೆಯಿತು. ಅಜ್ಜಿಯ ಜಗಳ ಚರ್ಮದ ಮೇಲಲ್ಲ, ಬೀದಿಯ ಮೇಲೆ. ಬೀದಿಯನ್ನೇ ನೋಡದ ಪಾದ ಒಂದಿದ್ದರೆ? ಮಠದ ಸ್ವಾಮಿಗಳು ಒಳಗೆಲ್ಲ ಮರದ ಹಾವುಗೆ ಮೆಟ್ಟಿಕೊಂಡೇ ಓಡಾಡುತ್ತಾರಲ್ಲ? ಬೆಳಿಗ್ಗೆ ಹೋಗಿ ಹೇಳಿದೆ. ಅಜ್ಜಿ ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿದರು. "ಹಾವುಗೆ ಆದ್ರೆ ಆಗ್ಬಹುದು," ಎಂದರು.

ಸರಿ, ಆಸ್ಪತ್ರೆಯ ಕ್ಯಾಲಿಪರ್ ಬೀದಿಗೆ ಇರಲಿ, ಹಾವುಗೆ ಇರುವ ಇನ್ನೊಂದು ಕ್ಯಾಲಿಪರ್ ಮನೆಯೊಳಕ್ಕೆ ಇರಲಿ ಎಂದು ಡಿಸೈನ್ ಮಾಡಿದೆ. ಅಳತೆ ಹೇಗೆ? ಕ್ಯಾಲಿಪರನ್ನು ಜಗಲಿಯಲ್ಲಿ ಮಲಗಿಸಿ ಸುತ್ತಲೂ ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆ. ಕುರುಬರಹಳ್ಳಿಯಿಂದ ಬರುವ ಹಾಲಿನವನು ತಲೆ ಓರೆ ಮಾಡಿ ನೋಡಿದ.

"ಇದ್ಯಾವ ಹಬ್ಬದ ರಂಗೋಲಿ ಸ್ವಾಮಿ?"

"ಕಾಲ್ ಬರೋ ಹಬ್ಬ ಕಣಯ್ಯ."

ಅವನು ಬಗ್ಗಿ ರಂಗೋಲಿಗೆ ಕೈ ಮುಗಿದು ಹೋದ. ನಾನು ತಡೆಯಲಿಲ್ಲ.

ಕಬ್ಬಿಣದ ಪಟ್ಟಿ ತಂದೆ. ಮಗುವಿನ ಮೀನಖಂಡದ ಬಾಗಿಗೆ ಸರಿಯಾಗಿ ಬಗ್ಗಿಸಬೇಕು. ಸುತ್ತಿಗೆಯಲ್ಲಿ ಬಡಿದರೆ ಪಟ್ಟಿ ತಿರುಚಿಕೊಂಡಿತು. ಏಟು ಬಿದ್ದ ಜಾಗ ಹರಿತವಾಗಿ ಎದ್ದು ನಿಂತಿತು. ಅದು ಮಗುವಿನ ಚರ್ಮಕ್ಕೆ ತಾಗುವ ಜಾಗ. ಬಡಿಯಬಾರದು, ಒತ್ತಬೇಕು. ಒತ್ತುವ ಮೆಷಿನ್ನು ಎಲ್ಲಿಂದ ತರಲಿ?

ಅಟ್ಟದಿಂದ. ಎದುರು ಮನೆಯ ಅಟ್ಟದ ಮೇಲೆ ಬೀಡು ಕಬ್ಬಿಣದ ಶಾವಿಗೆ ಒರಳು ಇತ್ತು. ಮೂರು ಕಾಲಿನದು, ಹಿಡಿ ತಿರುಗಿಸಿದರೆ ಸ್ಕ್ರೂ ಇಳಿದು ಹಿಟ್ಟನ್ನು ಒತ್ತುವಂಥದ್ದು. ಅಜ್ಜಿ ಸ್ನಾನಕ್ಕೆ ಹೋದಾಗ ಇಳಿಸಿಕೊಂಡು ಬಂದೆ. (ಒಳಗೆ ಹೇಗೆ ಹೋದೆ ಎಂದು ಕೇಳಬೇಡಿ.) ತೂತಿನ ಬಿಲ್ಲೆ ತೆಗೆದು, ಆ ಜಾಗದಲ್ಲಿ ನಡುವೆ ತಗ್ಗು ಕೊರೆದ ಕಬ್ಬಿಣದ ಗಟ್ಟಿ ಕೂರಿಸಿದೆ. ಪಟ್ಟಿಯನ್ನು ತಗ್ಗಿನ ಮೇಲೆ ಅಡ್ಡ ಇಟ್ಟು ಹಿಡಿ ತಿರುಗಿಸಿದರೆ, ಬೆಣ್ಣೆಗೆ ಬೆರಳು ಒತ್ತಿದ ಹಾಗೆ ಬಗ್ಗಿತು. ಎರಡೂ ಪಟ್ಟಿ ಒಂದೇ ಸಮ ಬಗ್ಗಲೆಂದು ಹಿಡಿ ನಿಲ್ಲಿಸಬೇಕಾದ ಕಡೆಯೆಲ್ಲ ಕುಂಕುಮದ ಬೊಟ್ಟಿಟ್ಟೆ. ರಂಗೋಲಿ ಗೆರೆಯ ಮೇಲೆ ಇಟ್ಟು ನೋಡಿದೆ. ಒಂದು ಕೂದಲಿನಷ್ಟೂ ಆಚೀಚೆ ಇಲ್ಲ. ಇದನ್ನು ಡಿಸೈನ್ ಮಾಡಲು ಬೇರೆ ದೇಶದಲ್ಲಿ ಇಂಜಿನಿಯರುಗಳನ್ನು ಸಾಕುತ್ತಾರಂತೆ.

ಹಲಸಿನ ಹಲಗೆಯಲ್ಲಿ ಹಾವುಗೆ ಕೆತ್ತಿ, ಪಟ್ಟಿಗಳ ತುದಿಗೆ ಕೀಲು ಹಾಕಿ ಕೂಡಿಸಿದೆ. ಹೆಬ್ಬೆರಳ ಸಂದಿಗೆ ಸಿಕ್ಕಿಸಿಕೊಳ್ಳುವ ಗುಂಡನ್ನೂ ಅರ ಹಾಕಿ ನುಣ್ಣಗೆ ಮಾಡಿದೆ. ತೊಡೆಗೆ ಮಂಚದ ನವಾರಿನ ಪಟ್ಟಿ. ಹಬ್ಬಕ್ಕೆ ಇನ್ನು ಕೆಲವೇ ದಿನವಿತ್ತು. ಸರೋಜಳಿಗೆ ಕಟ್ಟಿ ನಿಲ್ಲಿಸಿದೆ. ಕಾಲೆತ್ತಿದಳು. ಪಾದ ಮೇಲೆ ಬಂತು, ಹಾವುಗೆ ಅರ್ಧಕ್ಕೇ ಜೋತುಬಿತ್ತು. ಮಗು ನನ್ನ ಮೇಲೆ ಮುಗ್ಗರಿಸಿತು.

"ತಾತ, ನನ್ ಬೆರಳು ಹಿಡ್ಕೊಳಲ್ಲ," ಎಂದಳು.

ಹಾವುಗೆ ನಿಲ್ಲುವುದೇ ಬೆರಳಿನ ಹಿಡಿತದಲ್ಲಿ. ಆ ಬೆರಳಲ್ಲಿ ಹಿಡಿತವಿದ್ದಿದ್ದರೆ ನಾನು ಹಾವುಗೆ ಮಾಡುವ ಅಗತ್ಯವೇ ಇರಲಿಲ್ಲ. ಹುಟ್ಟಿದಾಗಿನಿಂದ ಹಾವುಗೆ ನೋಡಿದವನು, ಗುಂಡಿಲ್ಲದ ಹಾವುಗೆ ಇರಬಹುದು ಅನ್ನುವುದೇ ನನ್ನ ತಲೆಗೆ ಬಂದಿರಲಿಲ್ಲ. ನನ್ನ ಜಂಬ ಆ ಹೊತ್ತಿಗೆ ಎಲ್ಲಿಗೆ ಹೋಗಿತ್ತೋ.

ಅಜ್ಜಿ ಮಗುವನ್ನು ಎತ್ತಿ ಕೂರಿಸಿದರು. ಒಳಗೆ ಹೋಗಿ ಪೆಟ್ಟಿಗೆ ತೆಗೆದ ಸದ್ದಾಯಿತು. ಮಡಿಗೆ ಉಡುವ ತಮ್ಮ ರೇಷ್ಮೆ ಸೀರೆಯ ಅಂಚನ್ನು ಹರಿದು ತಂದು ನನ್ನ ಮುಂದಿಟ್ಟರು.

"ಇದ್ರಲ್ಲಿ ಕಟ್ಟಿ. ಬಿಗಿಯಾಗಿ ನಿಲ್ಲುತ್ತೆ. ಆಮೇಲೆ ನನ್ ಶಾವಿಗೆ ಒರಳು ಎಲ್ಲಿತ್ತೋ ಅಲ್ಲಿಗೆ ಬರ್ಲಿ. ಕದ್ದಿದ್ದೂ ಅಲ್ದೆ ಕುಂಕುಮ ಇಟ್ಟು ಪೂಜೆ ಬೇರೆ."

ಗುಂಡು ಕೊಯ್ದು ಹಾಕಿದೆ. ರೇಷ್ಮೆ ಅಂಚನ್ನು ಹಾವುಗೆಯ ಎರಡು ಕಡೆಗೂ ಮೊಳೆ ಹೊಡೆದು ಪಾದದ ಮೇಲೆ ಅಡ್ಡಡ್ಡ ಬಿಗಿದೆ. ಸರೋಜ ಎದ್ದು ನಿಂತಳು. ಬಾಗಿಲವಾಡ ಹಿಡಿದಳು. ಕಾಲು ಎತ್ತಿದಳು, ಹಾವುಗೆಯೂ ಜೊತೆಗೆ ಬಂತು. ಹೊಸ್ತಿಲು ದಾಟಿತು. ಟಕ್. ಇನ್ನೊಂದು ಟಕ್. ನಾವಿಬ್ಬರೂ ಉಸಿರು ಹಿಡಿದು ಹಿಂದೆ ಹಿಂದೆ ಹೋದೆವು. ಅವಳು ದೇವರ ಮನೆಗೆ ಹೋಗಿ ನಮಸ್ಕಾರ ಮಾಡಿದಳು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನೆಟ್ಟಗೆ ಅಡಿಗೆಮನೆಗೆ ಹೋಗಿ, ಇಷ್ಟು ದಿನ ಕೈಗೆ ಎಟುಕದ ಗೂಡಿನಿಂದ ಕೋಡುಬಳೆ ಡಬ್ಬ ಇಳಿಸಿಕೊಂಡಳು. ಹಬ್ಬಕ್ಕೆ ಮುಂಚೆ ಅದನ್ನು ಮುಟ್ಟಬಾರದೆಂದು ಅಜ್ಜಿಯ ಇನ್ನೊಂದು ಕಾನೂನು. ಅಜ್ಜಿ ನೋಡದವರ ಹಾಗೆ ಆ ಕಡೆ ತಿರುಗಿ ನಿಂತರು.

ಗೌರಿ ಹಬ್ಬ ಕಳೆಯಿತು. ಆಮೇಲೂ ವಾರಗಟ್ಟಲೆ ಮಳೆ. ಹೊರಗೆ ಕೆಸರು, ಒಳಗೆ ದಿನವೆಲ್ಲ ಓಡಾಟ. ಮೊನ್ನೆ ಡಾಕ್ಟರು ಮಂಡಿ ಎಳೆದು ನೋಡಿದರು. ಇನ್ನೊಮ್ಮೆ ಎಳೆದರು. "ಸಡಿಲ ಆಗಿದೆ. ಆಪರೇಷನ್ ಬೇಡ," ಎಂದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಾನು ಒಂದೂ ಜೋಕು ಹೇಳಲಿಲ್ಲವಂತೆ. ಅಜ್ಜಿ ಹಣೆ ಮುಟ್ಟಿ ಜ್ವರ ಇದೆಯಾ ನೋಡಿದರು.

ಅಲ್ಲ ಸ್ವಾಮಿ, ಮಗುವಿನ ಕಾಲಿನ ಅಳತೆ ಎಲ್ಲರೂ ತೆಗೆದುಕೊಂಡಿದ್ದೆವು. ಅದು ನಡೆಯಬೇಕಾದ ಮನೆಯ ಅಳತೆ ಯಾಕೆ ಯಾರಿಗೂ ನೆನಪಾಗಲಿಲ್ಲ?

ಇದನ್ನು ಬರೆಯುವಾಗಲೂ ಟಕ್ ಟಕ್ ಎಂದು ನನ್ನ ಕುರ್ಚಿಯ ಸುತ್ತಲೇ ಕೇಳಿಸುತ್ತಿದೆ. ಬೇಗ ಮುಗಿಸು ತಾತ ಎಂದು ಅಂಗಿ ಎಳೆಯುವುದೂ ನಡೆದಿದೆ. ಸುಳ್ಳು ಯಾವುದೆಂದು ಇನ್ನೂ ಹಿಡಿಯಲಿಲ್ಲವೇ?

ನಮ್ಮ ಮನೆಯ ಎದುರಿಗೆ ಮನೆಯೇ ಇಲ್ಲ, ಖಾಲಿ ಸೈಟು.