ಅಪ್ಪನ ಮೇಲಿನ ಹಕ್ಕಿ

ಹಕ್ಕಿಗಳ ಮೇಲೆ ಕವಿತೆ ಬರೆಯುವವರನ್ನು ಕಂಡರೆ ನನಗಾಗುವುದಿಲ್ಲ. ಹೊಟ್ಟೆಕಿಚ್ಚಲ್ಲ, ಅನುಭವ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಗೆ ಬಂದವನು ನಾನು. ಚೆಂಬೂರಿನ ಬಾಲ್ಕನಿಗಳಿಗೆ ಪಾರಿವಾಳ ಬಾರದಂತೆ ಬಲೆ ಕಟ್ಟುವುದು ನನ್ನ ಕೆಲಸ. ನಾನು ಕಟ್ಟಿದ ಬಲೆಯೊಳಗೆ ಇವತ್ತಿನವರೆಗೆ ಒಂದು ಗರಿಯೂ ನುಗ್ಗಿಲ್ಲ. ಕವಿತೆಯ ಪಾರಿವಾಳ ಓಲೆ ಒಯ್ಯುತ್ತದೆ, ಗಂಡಹೆಂಡಿರಿಗೆ ಒಲುಮೆ ಕಲಿಸುತ್ತದೆ. ನಾನು ಕಂಡ ಪಾರಿವಾಳಗಳು ಏಸಿಯ ಹಿಂದೆ ಹಿಕ್ಕೆ ಹಾಕುವುದು ಬಿಟ್ಟು ಬೇರೇನನ್ನೂ ಮಾಡಿದ್ದನ್ನು ನಾನು ಕಾಣೆ.

ನಮ್ಮ ಕನ್ನಡ ಸಂಘ ಈ ಸಲದ ಕವಿಗೋಷ್ಠಿಗೆ ಕೊಟ್ಟ ವಿಷಯ ‘ಹಕ್ಕಿ ಮತ್ತು ಮನುಷ್ಯ ಸಂಬಂಧ’. ಗೋಷ್ಠಿಯ ಅಧ್ಯಕ್ಷತೆ ವಹಿಸಬೇಕಿದ್ದ ಕವಿಗಳು ಅದೇ ವಾರ ನನಗೆ ಫೋನ್ ಮಾಡಿದರು.

“ಪೂಜಾರ್ರೇ, ಈ ದರಿದ್ರ ಪಾರಿವಾಳಗಳ ಕಾಟ ಸಾಕಾಯ್ತು ಮಾರಾಯ್ರೇ. ಭಾನುವಾರ ಸಂಜೆ ನಾನು ಗೋಷ್ಠಿಯಲ್ಲಿರ್ತೇನೆ, ಮನೆಯವರು ಇರ್ತಾರೆ, ಅಷ್ಟರಲ್ಲಿ ಬಲೆ ಕಟ್ಟಿಬಿಡಿ.”

ನೀವೇ ಹೇಳಿ, ಇಂಥವರಿಗೆ ಏನೆನ್ನಬೇಕು? ನಾನು ಆಯ್ತು ಎಂದೆ. ಜನ ಮನೆಯಲ್ಲಿರುವ ಭಾನುವಾರವೇ ನನ್ನ ದಂಧೆಗೆ ಸುಗ್ಗಿ.

ಮರುದಿನ ಬೆಳಿಗ್ಗೆ ಮಗಳು ಸ್ವಾತಿ ಹಾಳೆಯೊಂದನ್ನು ಹಿಡಿದು ಬಂದಳು. ಇಂಗ್ಲಿಷ್ ಶಾಲೆಯವಳು, ಕನ್ನಡವೆಂದರೆ ಸಂಘದ ಶನಿವಾರದ ಕ್ಲಾಸು ಮಾತ್ರ.

“ಗೋಷ್ಠಿಗೆ ನಂದೂ ಕವಿತೆ ಉಂಟು ಅಪ್ಪ. ಮಿಸ್ಟೇಕ್ ಚೆಕ್ ಮಾಡು.”

ಕೊನೆಯ ಸಾಲು: ‘ಭಾನುವಾರದ ಅಪ್ಪನ ಮೇಲೆ ನನಗೂ ಹಕ್ಕಿ ಇದೆ.’

ಕೈ ತಾನಾಗಿ ತಲೆಗೆ ಹೋಯಿತು. ನನ್ನ ಕಸುಬಿನವನಿಗೆ ಆ ಸಂಶಯ ಸಹಜ. ಆಮೇಲೆ ಹೊಳೆಯಿತು. ಕ್ಲಾಸಿನಲ್ಲಿ ಯಾರೋ ಹೇಳಿದ ‘ಹಕ್ಕಿದೆ’ಯನ್ನು ಇವಳು ತೋಚಿದಂತೆ ಬಿಡಿಸಿದ್ದಾಳೆ. ಹಕ್ಕು ಹೋಗಿ ಹಕ್ಕಿ ಕೂತಿದೆ.

“ಲೋಪಸಂಧಿ ಇದು. ಹಕ್ಕು ಪ್ಲಸ್ ಇದೆ. ಏಳನೇ ಕ್ಲಾಸಿನವನಿಗೆ ಗೊತ್ತುಂಟು, ನಿನಗೆ ಗೊತ್ತಿಲ್ಲ” ಎಂದು ಗದರಿದೆ.

“ಹಕ್ಕು ಅಂದ್ರೆ ಹಿಂದಿಯ ಹಕ್, ಅಲ್ವಾ? ಅದೇ ಬರೆದದ್ದು. ಸಂಡೇ ನೀನು ಯಾವಾಗ್ಲೂ ಪಾರಿವಾಳದವರ ಮನೆಯಲ್ಲೇ. ಈ ಸಂಡೇ ಬರ್ತೀಯಾ?”

ಇಷ್ಟು ಕೇಳಲಿಕ್ಕೆ ಕವಿತೆ ಬೇಕಿತ್ತೇ? ಅಳತೆ ಗುರುತು ಹಾಕುವ ಪೆನ್ಸಿಲಿನಿಂದ ‘ಹಕ್ಕಿ’ಗೆ ಒಂದು ಗೀಟೆಳೆದು ‘ಹಕ್ಕು’ ಎಂದು ಬರೆದುಕೊಟ್ಟೆ. ಬರುತ್ತೇನೆಂದು ಹೇಳಲಿಲ್ಲ.

ಭಾನುವಾರ ಹೋಗಿ ಮೊದಲ ಸಾಲಿನಲ್ಲೇ ಕೂತೆ. ಕೆಲಸ ಒಪ್ಪಿಕೊಂಡು ತಪ್ಪಿಸಿದ್ದು ಇದೇ ಮೊದಲು, ಕುರ್ಚಿ ಚುಚ್ಚುತ್ತಿತ್ತು. ವೇದಿಕೆಯಲ್ಲಿ ಕವಿತೆ ಓದುತ್ತ ಪಾರಿವಾಳದ ಗುಟುರಿನಲ್ಲಿ ತಾಯಿಯ ಜೋಗುಳ ಕೇಳುತ್ತಿದ್ದ ಅಧ್ಯಕ್ಷರು ನನ್ನನ್ನು ಕಂಡು ಒಂದು ಸಾಲು ನುಂಗಿದರು. ಮಗಳೋ, ತಿದ್ದಿದ್ದನ್ನು ಮರೆತು ‘ಹಕ್ಕಿ ಇದೆ’ ಎಂದೇ ಓದಿದಳು. ಜನ ಚಪ್ಪಾಳೆ ತಟ್ಟಿದರು. ರೂಪಕವಂತೆ.

ಮುಗಿದ ಮೇಲೆ ಅಧ್ಯಕ್ಷರು ಹತ್ತಿರ ಬಂದರು. “ಪೂಜಾರ್ರೇ, ನೀವಿಲ್ಲಿ? ಹಾಗಾದ್ರೆ ನನ್ನ ಬಾಲ್ಕನಿಯಲ್ಲಿ?”

“ಹಕ್ಕಿ ಇದೆ ಸರ್” ಎಂದೆ, ಬಿಡಿಸಿಯೇ.